ಹಳೆಯ ಪಿಕಪ್ ನಿಂತಾಗ: ದೋಷವನ್ನು ಹುಡುಕುವ ಕ್ರಮ

ಹದಿನೈದು ವರ್ಷ ದುಡಿದ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಹತ್ತಿರ ಬಂದಾಗ ಮಾತ್ರ ಗ್ಯಾರೇಜಿನ ಮುಖ ನೋಡಿದ ಡೀಸೆಲ್ ಪಿಕಪ್ಪೊಂದು ರಸ್ತೆಯಲ್ಲಿ ನಿಂತರೆ, ಅದರಲ್ಲಿ ಕೆಟ್ಟಿರುವುದು ಒಂದೇ ಭಾಗವಾಗಿರುವುದು ಅಪರೂಪ. ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಬ್ಯಾಟರಿಯ ಅರ್ತ್ ವೈರು ತುಕ್ಕು ಹಿಡಿದಿರುತ್ತದೆ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಒಂದು ನಾಜಲ್ ತೊಟ್ಟಿಕ್ಕುತ್ತಿರುತ್ತದೆ, ರೇಡಿಯೇಟರಿನ ಅರ್ಧ ದಾರಿ ಮುಚ್ಚಿರುತ್ತದೆ. ಇಷ್ಟೆಲ್ಲ ಇದ್ದೂ ಗಾಡಿ ನಿನ್ನೆಯವರೆಗೆ ಓಡಿದೆ. ಆದ್ದರಿಂದ ಇಂತಹ ಗಾಡಿಯ ಬಾನೆಟ್ ಎತ್ತಿದವನು ಏನೇನು ಕೆಟ್ಟಿದೆ ಎಂದು ಪಟ್ಟಿ ಮಾಡಲು ಹೊರಟರೆ ಸಂಜೆಯವರೆಗೂ ಪಟ್ಟಿ ಮುಗಿಯುವುದಿಲ್ಲ. ಕೆಟ್ಟಿರುವ ಇಷ್ಟರಲ್ಲಿ ಇಂದು ಗಾಡಿಯನ್ನು ನಿಲ್ಲಿಸಿದ್ದು ಯಾವುದು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು, ಏನನ್ನೂ ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳಿಂದ ಆರಂಭಿಸಿ, ಬಿಚ್ಚಲೇಬೇಕಾದವುಗಳ ಕಡೆಗೆ ನಿಧಾನವಾಗಿ ಹೋಗಬೇಕು.

ಇಲ್ಲಿ ಹೇಳುವುದೆಲ್ಲ ಯಾಂತ್ರಿಕ ಇಂಜೆಕ್ಷನ್ ಪಂಪಿನ (ನಾಜಲ್‌ಗಳಿಗೆ ಡೀಸೆಲ್ ತಳ್ಳುವ ಪಂಪು) ಹಳೆಯ ಡೀಸೆಲ್ ಎಂಜಿನ್ನಿಗೆ ಸಂಬಂಧಿಸಿದ್ದು. ಪಂಪಿನಿಂದ ಪ್ರತಿಯೊಂದು ನಾಜಲ್‌ಗೂ ಒಂದೊಂದು ತೆಳುವಾದ ಉಕ್ಕಿನ ಪೈಪು ನೇರವಾಗಿ ಹೋಗಿದ್ದರೆ ಅದು ಆ ಬಗೆಯ ಎಂಜಿನ್. ಪೈಪುಗಳೆಲ್ಲ ಒಂದು ದಪ್ಪ ಕೊಳವೆಯಿಂದ ಕವಲೊಡೆದಿದ್ದರೆ ಅದು ಕಾಮನ್ ರೈಲ್ ಎಂಜಿನ್. ಅದರಲ್ಲಿ ಡೀಸೆಲ್ ಒತ್ತಡ 1,000 ಬಾರ್ ಮೀರುವುದರಿಂದ ಅದರ ಪೈಪಿನ ನಟ್ಟುಗಳನ್ನು ಎಂಜಿನ್ ತಿರುಗುವಾಗ ಸಡಿಲಿಸುವುದು ಜೀವಕ್ಕೆ ಅಪಾಯ, ಮತ್ತು ಅದರ ದೋಷ ಹುಡುಕಲು ಸ್ಕ್ಯಾನರ್ ಬೇಕು.

ಸ್ಪ್ಯಾನರ್ ಹಿಡಿಯುವ ಮೊದಲು

ಮೊದಲು ಚಾಲಕನನ್ನು ಕೇಳಬೇಕಾದ ಪ್ರಶ್ನೆ ಈ ಗಾಡಿಯ ಮೇಲೆ ಕೊನೆಯದಾಗಿ ಯಾರು ಕೈ ಇಟ್ಟರು, ಏನು ಮಾಡಿದರು ಎಂಬುದು. ನಿರ್ವಹಣೆಯಿಲ್ಲದ ಗಾಡಿಯಲ್ಲಿ ಹೊಸ ತೊಂದರೆಗಳಲ್ಲಿ ದೊಡ್ಡ ಪಾಲು ಹಿಂದಿನ ದುರಸ್ತಿಯ ಜಾಗದಿಂದಲೇ ಹುಟ್ಟುತ್ತದೆ: ಫಿಲ್ಟರ್ ಬದಲಿಸಿದಾಗ ಹಳೆಯ ವಾಷರನ್ನೇ ಮತ್ತೆ ಹಾಕಿರುತ್ತಾರೆ, ಸೆಲ್ಫ್ (ಸ್ಟಾರ್ಟರ್ ಮೋಟಾರ್) ಬಿಚ್ಚಿ ಕೂರಿಸಿದವರು ಅರ್ತ್ ವೈರನ್ನು ಬಣ್ಣದ ಮೇಲೆಯೇ ಬಿಗಿದಿರುತ್ತಾರೆ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಹೋಸ್, ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ, ಕ್ಲಾಂಪಿನ ಬದಲು ಬೈಂಡಿಂಗ್ ವೈರು, ಇವು ಕಣ್ಣಿಗೆ ಬಿದ್ದ ಕಡೆಯೆಲ್ಲ ಒಂದು ಗುರುತು ಹಾಕಿಟ್ಟುಕೊಳ್ಳಿ. ಕಾರಣ ಅಲ್ಲೇ ಇರುತ್ತದೆ ಎಂದಲ್ಲ, ಆದರೆ ನೋಡುವ ಸರದಿಯಲ್ಲಿ ಅವು ಮೊದಲು ಬರಬೇಕು.

ಎರಡನೆಯದು ಸಂದರ್ಭ. ಗಾಡಿ ನಿಂತಾಗ ಎಂಜಿನ್ ಬಿಸಿಯಾಗಿತ್ತೋ ತಣ್ಣಗಿತ್ತೋ, ಏರಿನಲ್ಲೋ ಸಮತಟ್ಟಿನಲ್ಲೋ, ಲೋಡಿತ್ತೋ ಖಾಲಿಯಿತ್ತೋ, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ತಟ್ಟನೆ ನಿಂತಿತೋ ಎಳೆತ ಕಳೆದುಕೊಂಡು ನಿಧಾನವಾಗಿ ನಿಂತಿತೋ, ಇಷ್ಟನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು. ತಟ್ಟನೆ ಸ್ವಿಚ್ ಆರಿಸಿದಂತೆ ನಿಂತರೆ ಅನುಮಾನ ವಿದ್ಯುತ್ತಿನ ಕಡೆಗೆ, ಅಂದರೆ ಪಂಪಿನ ಮೇಲಿರುವ, ಕರೆಂಟ್ ನಿಂತರೆ ಡೀಸೆಲ್ ಕಡಿದುಬಿಡುವ ಸ್ಟಾಪ್ ಸೊಲೆನಾಯ್ಡಿನ ಕಡೆಗೆ ಹೋಗುತ್ತದೆ. ಉಸಿರು ಕಟ್ಟಿದಂತೆ ಒದ್ದಾಡಿ ನಿಂತರೆ ಡೀಸೆಲ್ ಬರುವ ದಾರಿಯ ಕಡೆಗೆ ಹೋಗುತ್ತದೆ.

ಮೂರನೆಯದು ನೆಲ. ರಾತ್ರಿ ಗಾಡಿಯ ಕೆಳಗೆ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಹಾಸಿಟ್ಟರೆ ಬೆಳಿಗ್ಗೆ ಅದರ ಮೇಲಿನ ಕಲೆಗಳು ಬಹಳಷ್ಟನ್ನು ಹೇಳುತ್ತವೆ. ಎಂಜಿನ್ ಆಯಿಲ್ ಕಪ್ಪಗಿರುತ್ತದೆ. ಗೇರ್ ಆಯಿಲಿಗೆ ಮೂಗಿಗೆ ಹೊಡೆಯುವ ಗಂಧಕದ ವಾಸನೆಯಿರುತ್ತದೆ. ಬ್ರೇಕ್ ಆಯಿಲ್ ತೆಳುವಾಗಿದ್ದು, ಬಿದ್ದ ಕಡೆ ಬಣ್ಣವನ್ನು ಎಬ್ಬಿಸುತ್ತದೆ. ಕೂಲೆಂಟ್ ಬೆರಳಿಗೆ ಜಿಗುಟಾಗಿ ಹತ್ತುತ್ತದೆ, ಮತ್ತು ಅದು ವಿಷವಾದ್ದರಿಂದ ನಾಲಿಗೆಗೆ ತಾಕಿಸಿ ನೋಡುವ ಹಳೆಯ ರೂಢಿಯನ್ನು ಬಿಡಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಒಂದು ಮೀಟರ್ ಪಾರದರ್ಶಕ ಹೋಸ್ ಪೈಪು, ಐದು ಲೀಟರಿನ ಶುಭ್ರವಾದ ಕ್ಯಾನ್, ಒಂದು ಗಾಜಿನ ಬಾಟಲಿ, ಟಾರ್ಚು, ಮತ್ತು ಚಕ್ರಕ್ಕೆ ಅಡ್ಡ ಇಡಲು ಎರಡು ಮರದ ದಿಮ್ಮಿಗಳು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಎಷ್ಟೇ ಅವಸರವಿದ್ದರೂ ನುಸುಳಬಾರದು.

ಸೆಲ್ಫ್ ಹೊಡೆದರೆ ಎಂಜಿನ್ ತಿರುಗದಿದ್ದಾಗ

ಹೆಡ್‌ಲೈಟ್ ಹಾಕಿ, ಒಬ್ಬರು ಮುಂದೆ ನಿಂತು ನೋಡುತ್ತಿರುವಾಗ ಸೆಲ್ಫ್ ಹೊಡೆಯುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ದೀಪ ಪೂರ್ತಿ ಮಂಕಾಗಿ ಹೋದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಹಿಡಿಯುತ್ತಿಲ್ಲ. ದೀಪ ಸ್ವಲ್ಪವೂ ಅಲುಗದೆ ಉರಿಯುತ್ತಿದ್ದು ಸೆಲ್ಫ್ ಸುಮ್ಮನಿದ್ದರೆ, ಸೆಲ್ಫಿನವರೆಗೆ ಕರೆಂಟ್ ತಲುಪುತ್ತಿಲ್ಲ. ಕೀ ಸ್ವಿಚ್, ಸೆಲ್ಫಿನ ಮೇಲಿರುವ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರು, ಸೊಲೆನಾಯ್ಡ್, ಈ ಕ್ರಮದಲ್ಲಿ ಟೆಸ್ಟ್ ಲ್ಯಾಂಪ್ ಇಟ್ಟು ನೋಡಬೇಕು. ದೀಪ ಅರ್ಧ ಮಂಕಾಗಿ ಸೆಲ್ಫ್ ನರಳಿದರೆ, ಸೆಲ್ಫಿನ ಬುಷ್ ಸವೆದಿದೆ ಅಥವಾ ಎಂಜಿನ್ನೇ ಬಿಗಿಯಾಗಿದೆ ಎಂದು ತಿಳಿಯಬೇಕು. ಸೆಲ್ಫ್ ಮಾತ್ರ ಗಿರ್ರನೆ ತಿರುಗಿ ಎಂಜಿನ್ ಅಲುಗದಿದ್ದರೆ ಅದರ ಹಲ್ಲಿನ ಚಕ್ರ ಫ್ಲೈವೀಲಿಗೆ ಕೂರುತ್ತಿಲ್ಲ.

ಮೀಟರ್ ಇದ್ದರೆ ಊಹೆ ಬೇಕಿಲ್ಲ. ರಾತ್ರಿಯೆಲ್ಲ ಸುಮ್ಮನಿದ್ದ ಆರೋಗ್ಯವಂತ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ ಚಾರ್ಜು, 12ಕ್ಕಿಂತ ಕೆಳಗೆ ಬಂದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುತ್ತಿರುವಾಗ ಅದು 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರ ನಡುವೆ ಇದ್ದರೆ ಡೈನಮೋ (ಆಲ್ಟರ್ನೇಟರ್) ತನ್ನ ಕೆಲಸ ಮಾಡುತ್ತಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರನ್ನು ಕುದಿಸುತ್ತಿದೆ.

ಹಳೆಯ ಗಾಡಿಗಳಲ್ಲಿ ಹೊಸ ಬ್ಯಾಟರಿ ಹಾಕಿಸಿದ ಮೇಲೂ ಸೆಲ್ಫ್ ಸರಿಯಾಗಿ ಎಳೆಯದಿರುವುದು ಸಾಮಾನ್ಯ, ಮತ್ತು ಅಂಥಲ್ಲಿ ತಪ್ಪು ಹೆಚ್ಚಾಗಿ ಅರ್ತಿನದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುಭ್ರವಾದ ಲೋಹದ ಮೇಲೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅಷ್ಟು ಶಕ್ತಿ ಆ ದಾರಿಯಲ್ಲಿಯೇ ಪೋಲಾಗುತ್ತಿದೆ ಎಂದರ್ಥ. ಚಾಸಿಯಿಂದ ಎಂಜಿನ್ನಿಗೆ ಹೋಗುವ ಹೆಣೆದ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಯ ಜಾಗವನ್ನು ಎಮ್ರಿ ಕಾಗದದಿಂದ ಹೊಳೆಯುವಂತೆ ಉಜ್ಜಿ ಬಿಗಿದರೆ ಸಾಕಾಗುವ ಸಂದರ್ಭಗಳಲ್ಲಿ ಸಾವಿರಾರು ರೂಪಾಯಿಯ ಬ್ಯಾಟರಿ ಕೊಂಡವರು ಅನೇಕರು.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ, ಡೀಸೆಲ್, ಮತ್ತು ಆ ಗಾಳಿಯನ್ನು ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿಯಾಗುವ ಹಾಗೆ ಒತ್ತುವ ಶಕ್ತಿ. ಸೆಲ್ಫ್ ಚುರುಕಾಗಿ ತಿರುಗುತ್ತಿದ್ದರೆ ಸೈಲೆನ್ಸರಿನ ಬಾಯಿಯ ಕಡೆ ನೋಡಬೇಕು. ಬೆಳ್ಳನೆಯ ಹೊಗೆ ಹಬೆಯಂತೆ ಹೊರಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅದನ್ನು, ಅನಂತರ ಕಂಪ್ರೆಶನ್ (ಗಾಳಿಯನ್ನು ಒತ್ತುವ ಬಲ) ಮತ್ತು ಪಂಪಿನ ಟೈಮಿಂಗನ್ನು ಅನುಮಾನಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ.

ಡೀಸೆಲ್ ತಲುಪದಿದ್ದಾಗ ಮೊದಲು ಕೀ ಆನ್ ಮಾಡಿ ಪಂಪಿನ ಹತ್ತಿರ ಕಿವಿಗೊಡಬೇಕು. ಸ್ಟಾಪ್ ಸೊಲೆನಾಯ್ಡ್ ಇರುವ ಪಂಪಿನಲ್ಲಿ "ಟಕ್" ಎಂಬ ಒಂದು ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಬೇಕು. ಎಳೆಯುವ ಕೇಬಲ್ ಇರುವ ಗಾಡಿಯಲ್ಲಿ ಕೇಬಲ್ ತುಕ್ಕು ಹಿಡಿದು ನಿಲ್ಲಿಸುವ ಸ್ಥಾನದಲ್ಲಿಯೇ ಸಿಕ್ಕಿಕೊಂಡಿರಬಹುದು. ಇದನ್ನು ನೋಡದೆ ನಾಜಲ್ ಬಿಚ್ಚಿದವರನ್ನು ನಾನು ಕಂಡಿದ್ದೇನೆ, ಒಮ್ಮೆ ನಾನೇ ಆ ಕೆಲಸ ಮಾಡಿದ್ದೇನೆ.

ಆಮೇಲೆ ಏರ್ ತೆಗೆಯುವ, ಅಂದರೆ ಡೀಸೆಲ್ ದಾರಿಯಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕೆಲಸ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಮೇಲೋ ಫಿಲ್ಟರಿನ ತಲೆಯ ಮೇಲೋ ಇರುವ ಕೈಪಂಪನ್ನು ಒತ್ತುತ್ತಾ, ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿದರೆ ನೊರೆನೊರೆಯಾಗಿ ಡೀಸೆಲ್ ಬರುತ್ತದೆ. ಗುಳ್ಳೆ ನಿಂತು ಒಂದೇ ಧಾರೆಯಾಗಿ ಬರುವವರೆಗೆ ಒತ್ತಿ, ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಇಷ್ಟಾದರೂ ಎಂಜಿನ್ ಹಿಡಿಯದಿದ್ದರೆ ನಾಜಲ್‌ಗಳ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಪ್ರತಿಯೊಂದರಿಂದಲೂ ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಬೇಕು. ಆ ಹೊತ್ತಿನಲ್ಲಿ ನಟ್ಟಿನ ಹತ್ತಿರ ಕೈಯಾಗಲಿ ಮುಖವಾಗಲಿ ಇರಬಾರದು. ಡೀಸೆಲ್ಲಿನ ಸೂಕ್ಷ್ಮ ಧಾರೆ ಚರ್ಮವನ್ನು ತೂರಿ ಒಳಹೋದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ಏರ್ ತೆಗೆದ ಮೇಲೆ ಗಾಡಿ ಓಡಿತೆಂದರೆ ದುರಸ್ತಿ ಮುಗಿಯಿತು ಎಂದು ಭಾವಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು. ಟ್ಯಾಂಕಿನಲ್ಲಿ ಡೀಸೆಲ್ ಮುಗಿದಿರಲಿಲ್ಲ, ಫಿಲ್ಟರನ್ನು ಯಾರೂ ಬಿಚ್ಚಿರಲಿಲ್ಲ ಎಂದಾದರೆ ಗಾಳಿ ಎಲ್ಲಿಂದಲೋ ಒಳಗೆ ಬಂದಿದೆ, ಮತ್ತೆ ಬರುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಪಂಪು ಡೀಸೆಲ್ಲನ್ನು ಹೀರುತ್ತದೆಯೇ ಹೊರತು ನೂಕುವುದಿಲ್ಲ. ಆದ್ದರಿಂದ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ಸೇರುತ್ತದೆ. ಒದ್ದೆಯಾದ ಕಲೆಯನ್ನು ಹುಡುಕುವವನಿಗೆ ಈ ದೋಷ ಕಾಣುವುದಿಲ್ಲ.

ಮುಳಬಾಗಿಲಿನ ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊರುತ್ತಿದ್ದ ನಮ್ಮ ಮನೆಯ ಹಳೆಯ ಪಿಕಪ್ ಒಂದು ಬೇಸಿಗೆಯೆಲ್ಲ ಹೀಗೆಯೇ ಕಾಡಿತು. ಹದಿನೈದು ಕಿಲೋದ ಬಾಕ್ಸುಗಳನ್ನು ತುಂಬಿಕೊಂಡು ನಸುಕಿನಲ್ಲಿ ಹೊರಟರೆ ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಕೈಪಂಪು ಒತ್ತಿದರೆ ಎರಡು ಮೂರು ಕಿಲೋಮೀಟರು ಓಡಿ ಮತ್ತೆ ನಿಲ್ಲುತ್ತಿತ್ತು. ಒಬ್ಬರು ಫಿಲ್ಟರ್ ಬದಲಿಸಿದರು, ಇನ್ನೊಬ್ಬರು ಫೀಡ್ ಪಂಪಿಗೆ ಹೊಸ ಕಿಟ್ ಹಾಕಿದರು, ಮೂರನೆಯವರು ನಾಜಲ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಿದರು. ಪ್ರತಿ ಬಾರಿಯೂ ಗಾಡಿ ನಾಲ್ಕೈದು ದಿನ ಚೆನ್ನಾಗಿ ಓಡುತ್ತಿದ್ದುದರಿಂದ ಪ್ರತಿಯೊಬ್ಬರ ದುರಸ್ತಿಯೂ ಸರಿಯೆಂದೇ ತೋರುತ್ತಿತ್ತು. ನನ್ನ ಚಿಕ್ಕಪ್ಪ ಡ್ಯಾಶ್‌ಬೋರ್ಡಿನಲ್ಲಿಟ್ಟ ಡೀಸೆಲ್ ಲೆಕ್ಕದ ಚೀಟಿಗಳನ್ನು ಒಂದು ದಿನ ತಿರುವಿ ಹಾಕಿದಾಗ ಗಮನಕ್ಕೆ ಬಂದದ್ದೇನೆಂದರೆ, ಗ್ಯಾರೇಜಿನಿಂದ ಬಂದ ದಿನವೆಲ್ಲ ನಾವು ಟ್ಯಾಂಕ್ ತುಂಬಿಸಿದ್ದೆವು, ನಿಂತ ದಿನವೆಲ್ಲ ಟ್ಯಾಂಕು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಆಗ ಮಾಡಿದ ಪರೀಕ್ಷೆ ಎರಡು. ಶುಭ್ರವಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಕ್ಯಾಬಿನ್ನಿನ ಹಿಂದೆ ಅಲುಗದಂತೆ ಕಟ್ಟಿ, ಫೀಡ್ ಪಂಪಿಗೆ ಅಲ್ಲಿಂದ ನೇರವಾಗಿ ಪೈಪು ಕೊಟ್ಟು, ನಾಜಲ್‌ಗಳಿಂದ ಮರಳುವ ಪೈಪನ್ನೂ ಅದೇ ಕ್ಯಾನಿಗೆ ತಿರುಗಿಸಿ ಖಾಲಿ ಗಾಡಿಯನ್ನು ಊರ ಸುತ್ತ ಓಡಿಸಿದೆವು, ಒಮ್ಮೆಯೂ ನಿಲ್ಲಲಿಲ್ಲ. ಅಲ್ಲಿಗೆ ಪಂಪು, ಫಿಲ್ಟರು, ನಾಜಲ್ ಮೂರೂ ಅಪರಾಧಿಗಳಲ್ಲ ಎಂದಾಯಿತು. ಅನಂತರ ಟ್ಯಾಂಕಿನ ಪೈಪನ್ನು ಮತ್ತೆ ಸೇರಿಸಿ, ಫೀಡ್ ಪಂಪಿನ ಮುಂದೆ ಪಾರದರ್ಶಕ ಹೋಸಿನ ಒಂದು ಗೇಣುದ್ದದ ತುಂಡನ್ನು ಹಾಕಿದೆವು. ಟ್ಯಾಂಕು ತುಂಬಿದ್ದಾಗ ಅದರಲ್ಲಿ ಡೀಸೆಲ್ ಕನ್ನಡಿಯಂತೆ ಸ್ವಚ್ಛವಾಗಿ ಹರಿಯುತ್ತಿತ್ತು; ಮಟ್ಟ ಇಳಿದಂತೆ ಒಂದು ಹಂತದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರತೊಡಗಿದವು. ಟ್ಯಾಂಕಿನೊಳಗೆ ಇಳಿಬಿಟ್ಟಿರುವ ಹೀರುವ ಕೊಳವೆಯನ್ನು ಹೊರತೆಗೆದು ಬಿಸಿಲಿಗೆ ಹಿಡಿದರೆ ಅದರ ನಡುಭಾಗಕ್ಕಿಂತ ಕೆಳಗೆ ಕೂದಲೆಳೆಯಷ್ಟು ಬಿರುಕಿತ್ತು. ಡೀಸೆಲ್ ಆ ಬಿರುಕಿಗಿಂತ ಮೇಲಿರುವವರೆಗೆ ಬಿರುಕು ಹೀರುತ್ತಿದ್ದುದೂ ಡೀಸೆಲ್ಲನ್ನೇ. ಮಟ್ಟ ಅದಕ್ಕಿಂತ ಕೆಳಗಿಳಿದ ಕ್ಷಣದಿಂದ ಗಾಳಿಯನ್ನು. ಕೊಳವೆಯನ್ನು ಮಾತ್ರ ಒಯ್ದು ಹಿತ್ತಾಳೆ ಬೆಸುಗೆ ಹಾಕಿಸಿದೆವು. ಟ್ಯಾಂಕಿಗೇ ಬೆಸುಗೆ ಬೇಕಾದರೆ ಅದನ್ನು ತೊಳೆದು ಹಬೆ ತೆಗೆಯುವುದನ್ನು ಬಲ್ಲವರ ಹತ್ತಿರ ಮಾತ್ರ ಕೊಡಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಇದೇ ದಾರಿಯಲ್ಲಿ ನೋಡಬೇಕಾದ ಇನ್ನೆರಡು ವಿಷಯಗಳಿವೆ. ಫಿಲ್ಟರಿನ ಕೆಳಗಿನ ಡ್ರೈನ್ ತೆರೆದು ಅರ್ಧ ಲೋಟದಷ್ಟು ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟರೆ, ನೀರಿದ್ದಲ್ಲಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕೆಸರಿನಿಂದ ಮುಚ್ಚಿಹೋಗಿದ್ದರೆ ಕೆಲವು ಕಿಲೋಮೀಟರು ಓಡಿದ ಮೇಲೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಗಾಡಿ ನಿಲ್ಲುತ್ತದೆ. ನಿಂತ ತಕ್ಷಣ ಮುಚ್ಚಳ ತೆರೆದಾಗ "ಸುಯ್" ಎಂದು ಗಾಳಿ ಒಳಗೆ ಎಳೆದುಕೊಂಡರೆ ಕಾರಣ ಸಿಕ್ಕಿತು.

ಎಂಜಿನ್ ನಡುಗುತ್ತಾ ಓಡುತ್ತಿದ್ದರೆ ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂಬುದನ್ನು ತಿಳಿಯುವುದು ಸುಲಭ. ಐಡಲಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಬಟ್ಟೆ ಮುಚ್ಚಿ ಸಡಿಲಿಸಿ ಮತ್ತೆ ಬಿಗಿಯಬೇಕು. ಸಡಿಲಿಸಿದಾಗ ಎಂಜಿನ್ನಿನ ದನಿ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸವಾಗದಿದ್ದರೆ ಸುಮ್ಮನಿರುವುದು ಅದೇ. ಆ ನಾಜಲ್ಲನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ ನೋಡಿದರೆ ದೋಷ ನಾಜಲ್ಲಿನ ಜೊತೆ ಹೋಗುತ್ತದೆಯೋ ಸಿಲಿಂಡರಿನಲ್ಲೇ ಉಳಿಯುತ್ತದೆಯೋ ತಿಳಿಯುತ್ತದೆ.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಇರುವ ಗಾಳಿಗೆ ಡೀಸೆಲ್ ಹೆಚ್ಚಾಗಿದೆ. ಮೊದಲು ಏರ್ ಫಿಲ್ಟರನ್ನು ಹೊರತೆಗೆದು ನೋಡಬೇಕು. ಕಣದಲ್ಲಿ, ಮಣ್ಣು ರಸ್ತೆಯಲ್ಲಿ ತಿರುಗಿದ ಗಾಡಿಯಲ್ಲಿ ಅದೊಂದೇ ಸಾಕಷ್ಟು ಕಾರಣ. ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊದಿಂದ ಎಂಜಿನ್ನಿಗೆ ಬರುವ ರಬ್ಬರ್ ಹೋಸ್ ಬಿಚ್ಚಿದ್ದರೂ ಹರಿದಿದ್ದರೂ ಎಳೆತ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ಎರಡೂ ಸರಿಯಿದ್ದರೆ ನಾಜಲ್. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಂತರೆ ವಾಲ್ವಿನ ಸೀಲುಗಳು ಸವೆದಿವೆ. ಲೋಡಿನಲ್ಲಿ ಏರು ಹತ್ತುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳನ್ನು ಅನುಮಾನಿಸಬೇಕು. ರಿಂಗಿನ ಸ್ಥಿತಿ ತಿಳಿಯಲು, ಐಡಲಿನಲ್ಲಿ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಬೇಕು. ಸುಮ್ಮನೆ ಸ್ವಲ್ಪ ನಡುಗಿದರೆ ಚಿಂತೆಯಿಲ್ಲ; ಮುಚ್ಚಳ ಕುಣಿದು ಬೀಳುವಂತಾಗಿ ಹೊಗೆ ಬುಸುಗುಟ್ಟಿದರೆ ಎಂಜಿನ್ನಿಗೆ ಬೋರ್ ಮಾಡಿಸುವ ಕಾಲ ಬಂದಿದೆ. ಬಿಳಿ ಹೊಗೆ ತಣ್ಣನೆಯ ಮುಂಜಾನೆಯಲ್ಲಿ ಸ್ವಲ್ಪ ಹೊತ್ತು ಬಂದರೆ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ.

ಎಂಜಿನ್ ಬಿಸಿಯಾಗುವುದು

ಉಷ್ಣಾಂಶದ ಮುಳ್ಳು ಯಾವಾಗ ಏರುತ್ತದೆ ಎಂಬುದರಲ್ಲಿಯೇ ಅರ್ಧ ಉತ್ತರವಿದೆ. ನಿಂತಲ್ಲಿ, ಸಂತೆಯ ಸಂದಣಿಯಲ್ಲಿ ಬಿಸಿಯಾಗಿ ಹೆದ್ದಾರಿಗೆ ಬಂದ ಮೇಲೆ ಇಳಿದರೆ ಫ್ಯಾನು ಗಾಳಿ ಎಳೆಯುತ್ತಿಲ್ಲ: ಬೆಲ್ಟ್ ಸಡಿಲವಾಗಿದೆ, ಫ್ಯಾನ್ ಕ್ಲಚ್ ಕೆಟ್ಟಿದೆ, ಅಥವಾ ಫ್ಯಾನಿನ ಸುತ್ತಲಿನ ಕವಚವನ್ನು ಯಾರೋ ತೆಗೆದಿಟ್ಟಿದ್ದಾರೆ. ನಿಂತಲ್ಲಿ ಸರಿಯಿದ್ದು ಲೋಡಿನಲ್ಲಿ ಏರು ಹತ್ತುವಾಗ ಬಿಸಿಯಾದರೆ ನೀರು ಸಾಕಷ್ಟು ಹರಿಯುತ್ತಿಲ್ಲ ಅಥವಾ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬೆಲ್ಟಿನ ಉದ್ದವಾದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಅದು ಸುಮಾರು 10ರಿಂದ 15 ಮಿ.ಮೀ. ಬಗ್ಗಿದರೆ ಸಾಕು.

ರೇಡಿಯೇಟರಿನ ಹೊರಮೈ ಮೊದಲು. ಕೀಟ, ಹುಲ್ಲು, ರಾಗಿಯ ಹೊಟ್ಟು, ಆಯಿಲ್ ಸೇರಿದ ಧೂಳು ಜಾಲರಿಯನ್ನು ಮುಚ್ಚಿರುತ್ತವೆ. ಎಂಜಿನ್ನಿನ ಕಡೆಯಿಂದ ಹೊರಕ್ಕೆ ನೀರು ಹೊಡೆದು ತೊಳೆಯಬೇಕು. ಆದರೆ ನಮ್ಮ ಬಯಲುಸೀಮೆಯಲ್ಲಿ ದೊಡ್ಡ ಶತ್ರು ಒಳಗಿದೆ. ಕೂಲೆಂಟಿನ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಸುರಿದ ರೇಡಿಯೇಟರಿನ ಕೊಳವೆಗಳಲ್ಲಿ, ಸ್ನಾನದ ಹಂಡೆಯ ಒಳಗೆ ಕಟ್ಟುವಂಥದೇ ಸುಣ್ಣದ ಪದರ ಕಟ್ಟಿರುತ್ತದೆ. ಆ ಪದರ ಶಾಖವನ್ನು ಹೊರಬಿಡುವುದಿಲ್ಲ, ನೀರಿನ ದಾರಿಯನ್ನೂ ಕಿರಿದಾಗಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಫ್ಯಾನು ಪೂರ್ತಿ ನಿಂತಿದೆಯೆಂದು ಖಚಿತಪಡಿಸಿಕೊಂಡು, ರೇಡಿಯೇಟರಿನ ಮೈಮೇಲೆ ಅಂಗೈಯನ್ನು ಹತ್ತಿರ ತಂದು ನಿಧಾನವಾಗಿ ಸರಿಸಿದರೆ ಮುಚ್ಚಿಹೋದ ಭಾಗ ಉಳಿದದ್ದಕ್ಕಿಂತ ತಣ್ಣಗಿರುವುದು ಗೊತ್ತಾಗುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟಿನ ಬಗ್ಗೆ ನನ್ನದೊಂದು ತಕರಾರಿದೆ. ಗಾಡಿ ಬಿಸಿಯಾಗುತ್ತದೆ ಎಂದರೆ ಅದನ್ನು ಕಿತ್ತು ಎಸೆಯುವುದು ಅನೇಕ ಗ್ಯಾರೇಜುಗಳಲ್ಲಿ ಪ್ರಶ್ನಿಸದ ಪದ್ಧತಿಯಾಗಿದೆ. ಅದಿಲ್ಲದ ಎಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ರಿಂಗುಗಳು ಬೇಗ ಸವೆಯುತ್ತವೆ; ಕೆಲವು ಎಂಜಿನ್ನುಗಳಲ್ಲಂತೂ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ಸದಾ ತೆರೆದುಕೊಂಡು, ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲಿಯೇ ಸುತ್ತುತ್ತದೆ. ಅದು ಸರಿಯಿದೆಯೇ ಎಂದು ತಿಳಿಯಲು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ಸಾಕು. ತೆರೆಯಬೇಕಾದ ಉಷ್ಣಾಂಶವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಒತ್ತಿರುತ್ತಾರೆ, ಹೆಚ್ಚಿನವು 80 ಡಿಗ್ರಿಯ ಆಸುಪಾಸಿನವು. ನೀರು ಕುದಿಯುವ ಹೊತ್ತಿಗೂ ಬಾಯಿ ಬಿಡದಿದ್ದರೆ ಹೊಸದು ತರಬೇಕು.

ಹೆಡ್ ಗ್ಯಾಸ್ಕೆಟಿನ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗ ಮಾಡಬೇಕು. ರೇಡಿಯೇಟರ್ ಮುಚ್ಚಳ ತೆಗೆದು, ನೀರು ತುಂಬಿಸಿ ಸ್ಟಾರ್ಟ್ ಮಾಡಿದ ಕೆಲವೇ ಕ್ಷಣಗಳಲ್ಲಿ ನಿಲ್ಲದೆ ಗುಳ್ಳೆಗಳು ಏಳತೊಡಗಿದರೆ, ಅಥವಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲಿ, ನೀರು ಇನ್ನೂ ಬೆಚ್ಚಗಾಗುವ ಮುನ್ನವೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿ 100 ಡಿಗ್ರಿ ಮೀರಿಯೂ ಕುದಿಯದೆ ನಿಂತಿದ್ದ ನೀರು ಮುಚ್ಚಳ ಸಡಿಲಾದ ಕ್ಷಣ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಹೋಸ್ ಹಿಸುಕಿದರೆ ಮೆತ್ತಗಾಗುವವರೆಗೆ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು.

ಆಯಿಲ್ ಕಡ್ಡಿ ಹೇಳುವುದು

ಆಯಿಲ್ ಕಡಿಮೆಯಾಗುವುದನ್ನು ಎಲ್ಲರೂ ನೋಡುತ್ತಾರೆ, ಹೆಚ್ಚಾಗುವುದನ್ನು ನೋಡುವವರು ಕಡಿಮೆ. ಯಾರೂ ಸುರಿಯದೆ ಕಡ್ಡಿಯಲ್ಲಿ ಮಟ್ಟ ಏರಿದ್ದರೆ, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಹೊಡೆಯುತ್ತಿದೆಯೇ, ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಬೇಕು. ಮೊದಲನೆಯದಾದರೆ ಫೀಡ್ ಪಂಪು ಅಥವಾ ಇಂಜೆಕ್ಷನ್ ಪಂಪಿನ ಸೀಲಿನಿಂದ ಡೀಸೆಲ್ ಇಳಿಯುತ್ತಿದೆ, ಎರಡನೆಯದಾದರೆ ನೀರು ಸೇರಿದೆ. ಎರಡರಲ್ಲಿ ಯಾವುದಿದ್ದರೂ ಆಯಿಲಿಗೆ ಬೇರಿಂಗುಗಳನ್ನು ಕಾಯುವ ಶಕ್ತಿ ಇರುವುದಿಲ್ಲವಾದ್ದರಿಂದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಕೀ ಆನ್ ಮಾಡಿದಾಗ ಆಯಿಲ್ ದೀಪ ಹತ್ತುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಬಲ್ಬು ಸುಟ್ಟುಹೋಗಿ ಎಂದೂ ಹತ್ತದ ದೀಪವನ್ನು "ತೊಂದರೆಯಿಲ್ಲ" ಎಂದು ಓದಿಕೊಂಡವರು ಎಂಜಿನ್ ಸೀಜ್ ಮಾಡಿಕೊಂಡಿದ್ದಾರೆ.

ಬ್ರೇಕು ಮತ್ತು ಕೆಳಭಾಗ

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು ಎರಡು ಮೂರು ಬಾರಿ ಒತ್ತಿದ ಮೇಲೆ ಗಟ್ಟಿಯಾದರೆ ಲೈನಿನಲ್ಲಿ ಗಾಳಿಯಿದೆ, ಅಥವಾ ಹಿಂದಿನ ಡ್ರಮ್ಮಿನ ಲೈನರುಗಳ ಅಂತರ ಹೆಚ್ಚಾಗಿದೆ. ಒತ್ತಿ ಹಿಡಿದಿದ್ದಾಗ, ಹೊರಗೆ ಎಲ್ಲೂ ಸೋರದೆ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕೆಟ್ಟಿದೆ. ಪೆಡಲ್ ಕಲ್ಲಿನಂತಿದ್ದರೆ, ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿಗೆ ವ್ಯಾಕ್ಯೂಮ್ (ನಿರ್ವಾತ) ಸಿಗುತ್ತಿಲ್ಲ. ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಬಾರಿ ಒತ್ತಿ, ಕೊನೆಯಲ್ಲಿ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಬೇಕು. ಪೆಡಲ್ ಕಾಲಿನಡಿಯಲ್ಲಿ ಸ್ವಲ್ಪ ಇಳಿದರೆ ಬೂಸ್ಟರ್ ಸರಿಯಿದೆ. ಅನೇಕ ಡೀಸೆಲ್ ಪಿಕಪ್ಪುಗಳಲ್ಲಿ ಈ ವ್ಯಾಕ್ಯೂಮ್ ಪಂಪು ಡೈನಮೋದ ಬೆನ್ನಿಗೇ ಇರುತ್ತದೆ, ಮತ್ತು ಅದಕ್ಕೆ ಎಂಜಿನ್ನಿನಿಂದ ಆಯಿಲಿನ ಸಣ್ಣ ಪೈಪು ಬರುತ್ತದೆ. ಆ ಪೈಪು ಒಡೆದರೆ ಬ್ರೇಕಿನ ಬಲವೂ ಎಂಜಿನ್ನಿನ ಆಯಿಲೂ ಒಟ್ಟಿಗೆ ಹೋಗುತ್ತವೆ.

ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ನಿಂತುಹೋಗಬೇಕು; ನಿಲ್ಲದೆ ಓಡುತ್ತಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಕ್ಲಚ್ ಪೆಡಲ್ ಒತ್ತಿದಾಗ ಬರುವ ಕಿರುಗುಟ್ಟುವ ಸದ್ದು ರಿಲೀಸ್ ಬೇರಿಂಗಿನದು. ನ್ಯೂಟ್ರಲ್ಲಿನಲ್ಲಿ ಇದ್ದು ಪೆಡಲ್ ಒತ್ತಿದಾಗ ನಿಲ್ಲುವ ಸದ್ದು ಗೇರ್ ಬಾಕ್ಸಿನ ಒಳಗಿನದು. ಗೇರನ್ನು ಮುಂದಕ್ಕೂ ರಿವರ್ಸಿಗೂ ಬದಲಿಸಿದಾಗ ಕೆಳಗಿನಿಂದ "ಠಣ್" ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ಕೀಲು) ನೋಡಬೇಕು. ಓವರ್‌ಲೋಡ್ ಹೊತ್ತ ಗಾಡಿ ನೇರ ರಸ್ತೆಯಲ್ಲಿ ಏಡಿಯಂತೆ ಓರೆಯಾಗಿ ಸಾಗುತ್ತಿದ್ದರೆ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು. ಎತ್ತಿದ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಮಾತ್ರ ಆಡಿದರೆ ಸ್ಟಿಯರಿಂಗಿನ ಟೈರಾಡ್ ಎಂಡ್.

ಎಲ್ಲಿ ನಿಲ್ಲಿಸಬೇಕು

ದೋಷ ಸಿಕ್ಕಿದ ಮೇಲೆ ಒಂದು ಬಾರಿಗೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ತಾರೀಖು ಮತ್ತು ಕಿಲೋಮೀಟರು ಹಾಕಿ ಒಂದು ಪುಸ್ತಕದಲ್ಲಿ ಬರೆಯಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಸರಿಮಾಡಿದ್ದು ಯಾವುದೆಂದು ತಿಳಿಯುವುದಿಲ್ಲ. ಹಣ ಸಾಲದಿದ್ದರೆ ಬ್ರೇಕು, ಸ್ಟಿಯರಿಂಗ್, ಟೈರು ಮೊದಲು. ಎಂಜಿನ್ನಿನ ನೀರು ಮತ್ತು ಆಯಿಲ್ ಎರಡನೆಯದು. ಹೊಗೆ, ಎಳೆತ, ಸದ್ದು ಆಮೇಲೆ.

ಡೀಸೆಲ್ ಸಾಲಿನ ದೋಷ, ಡೈನಮೋ, ಜಾರುವ ಕ್ಲಚ್, ಇವುಗಳೊಂದಿಗೆ ಹೇಗೋ ನಿಧಾನವಾಗಿ ಮನೆ ತಲುಪಬಹುದು. ಓಡುವಾಗ ಹತ್ತಿದ ಆಯಿಲ್ ದೀಪ, ಕೆಂಪು ಗೆರೆ ಮುಟ್ಟಿದ ಉಷ್ಣಾಂಶ, ಇಳಿಯುತ್ತಿರುವ ಬ್ರೇಕ್ ಪೆಡಲ್, ಆಡುತ್ತಿರುವ ಮುಂದಿನ ಚಕ್ರ, ಈ ನಾಲ್ಕರಲ್ಲಿ ಒಂದಿದ್ದರೂ ಒಂದು ಕಿಲೋಮೀಟರೂ ಮುಂದೆ ಹೋಗಬಾರದು. ಹಗ್ಗ ಕಟ್ಟಿ ಎಳೆಸುವಾಗ ಎಂಜಿನ್ ಓಡುತ್ತಿಲ್ಲವಾದ್ದರಿಂದ ಬೂಸ್ಟರಿನ ಬಲ ಇರುವುದಿಲ್ಲ, ಪವರ್ ಸ್ಟಿಯರಿಂಗಿದ್ದರೆ ಅದೂ ಕಲ್ಲಾಗುತ್ತದೆ. ಬ್ರೇಕಿನ ದೋಷವಿರುವ ಅಥವಾ ಮುಂದಿನ ಚಕ್ರ ಆಡುತ್ತಿರುವ ಗಾಡಿಯನ್ನು ಹಗ್ಗದಲ್ಲಿ ಎಳೆಸಲೇಬಾರದು, ಕ್ರೇನ್ ಅಥವಾ ಟೋಯಿಂಗ್ ಗಾಡಿಯನ್ನೇ ಕರೆಸಬೇಕು. ಉಳಿದ ದೋಷಗಳಿದ್ದಾಗಲೂ ಟೊಮೆಟೊ ಬಾಡುತ್ತದೆಂಬ ಅವಸರವಿದ್ದರೆ ಲೋಡನ್ನು ಬೇರೆ ಗಾಡಿಗೆ ಬದಲಾಯಿಸಿ, ಖಾಲಿ ಮಾಡಿದ ಪಿಕಪ್ಪನ್ನು ಮಾತ್ರ ಎಳೆಸಬೇಕು.